ಗೌಡರ ಬ್ಲೋವರ್ ಲಾರಿಯ ಪಜೀತಿಗಳು

ಲಾರಿ ರಿಪೇರಿ ಮಾಡುವವನಿಗೆ ನಗು ಬರುವುದು ಯಾವಾಗಲೂ ತಡವಾಗಿ. ಪಜೀತಿ ನಡೆಯುವಾಗ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಗಾಡಿ ಹೋದ ಮೇಲೆ ಒಂದು ಲೋಟ ಟೀ ಹಿಡಿದು ಕೂತಾಗ ಹೊಟ್ಟೆ ಹುಣ್ಣಾಗುವಷ್ಟು ನಗು. ಎಪ್ಪತ್ತರ ದಶಕದಲ್ಲಿ ನಾಯಂಡಹಳ್ಳಿಯಲ್ಲಿ ನನ್ನದೊಂದು ತಗಡಿನ ಶೆಡ್ ಇತ್ತು. ಅಲ್ಲಿ ನನಗೆ ಹೀಗೆ ತಡವಾಗಿ ನಗು ತರಿಸಿದ ಗಾಡಿಗಳು ಬೇಕಾದಷ್ಟಿವೆ. ಆದರೆ ಮೂಡಲಪಾಳ್ಯದ ಗೌಡರ ಲಾರಿಯಷ್ಟು ಹೆದರಿಸಿದ್ದೂ ಇಲ್ಲ, ನಗಿಸಿದ್ದೂ ಇಲ್ಲ.

ಅಳುವ ಲಾರಿ

ಗೌಡರು ಮಿಲಿಟರಿ ಹರಾಜಿನಲ್ಲಿ ಒಂದು ಹಳೇ ಪೆಟ್ರೋಲ್ ಲಾರಿ ಹಿಡಿದರು. ತಂದ ವಾರದಲ್ಲೇ ಶೆಡ್ಡಿಗೆ ಬಂದರು. ಮುಖ ಬಾಡಿಹೋಗಿತ್ತು.

"ಮೇಸ್ತ್ರಿ, ಇದರೊಳಗೆ ಯಾರೋ ಅಳ್ತಾ ಇದಾರೆ."

ಅವರ ಡ್ರೈವರು ವಯಸ್ಸಾದ ಸಾಬರು, ಎಲ್ಲರಿಗೂ ಚಾಚಾ. ಆತ ಎಂಜಿನ್ ಶುರು ಮಾಡಿ ಆಕ್ಸಿಲರೇಟರ್ ತುಳಿದ. ಕುಂಯ್ಯ್ಯ್ ಅಂತ ಸಣ್ಣಗೆ ಶುರುವಾದ ಸದ್ದು ಏರುತ್ತಾ ಏರುತ್ತಾ ಎಳೇ ಮಗುವಿನ ಅಳುವಿನ ಹಾಗೇ ಆಯಿತು. ನನ್ನ ಮೈಯೂ ಜುಮ್ಮೆಂದಿತು. ಅವರ ಬೀದಿಯಲ್ಲಿ ಈ ಲಾರಿ ಹೋದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಗೌಡರ ಎಮ್ಮೆ ಹೆದರಿ, ಕರೆಯಲು ಬಿಡದೆ ಹಾಲು ಏರಿಸಿಕೊಂಡಿತ್ತಂತೆ.

ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಪಕ್ಕ ಮಡಕೆಯಷ್ಟು ದಪ್ಪದ ಒಂದು ಕಬ್ಬಿಣದ ಗಡ್ಡೆ, ಅದಕ್ಕೊಂದು ಬೆಲ್ಟು. ಸದ್ದು ಅಲ್ಲಿಂದಲೇ. ಅಂಥದ್ದನ್ನು ನಾನು ಕಂಡಿರಲಿಲ್ಲ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹಿಂದೆ ಮುಂದೆ ಯೋಚಿಸದೆ ಬೆಲ್ಟು ಬಿಚ್ಚಿ ಗೌಡರ ಕೈಗೆ ಕೊಟ್ಟೆ. ಸದ್ದು ಮಾಯ! ಗೌಡರು ಅಲ್ಲೇ ತೆಂಗಿನಕಾಯಿ ಒಡೆದು ಹೊರಟರು.

ಮಾರನೇ ದಿನ ಲಾರಿ ಬಂತು. ತಾನಾಗಿ ಬರಲಿಲ್ಲ, ಜನ ತಳ್ಳಿಕೊಂಡು ಬಂದರು. ಆ ಗಡ್ಡೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಬ್ಲೋವರ್ ಅಂತೆ. ಅದು ಊದಿದರಷ್ಟೇ ಲೋಡ್ ಎಳೆಯಲು ಎಂಜಿನ್ನಿಗೆ ಉಸಿರು. ಇದು ನನಗೆ ತಿಳಿದದ್ದು ಹಿಂದಿನ ಸಂಜೆ ಒಬ್ಬ ಹಳೇ ಮಿಲಿಟರಿ ಡ್ರೈವರನ್ನು ಹುಡುಕಿ ಕೇಳಿದ ಮೇಲೆ. ಹೇಗೆ ಹೇಳುವುದು ಅಂತ ನಾನು ತಲೆ ಕೆರೆಯುತ್ತಿದ್ದರೆ, ಗೌಡರು ಬೆವರು ಒರೆಸಿಕೊಳ್ಳುತ್ತಾ ಬೆಲ್ಟನ್ನು ಮುಂದೆ ಚಾಚಿದರು.

"ಅಳ್ಕೊಂಡಾದ್ರೂ ಕೆಲಸ ಮಾಡ್ತಿತ್ತು. ನೀವು ಸಮಾಧಾನ ಮಾಡಿದ್ದೇ ಮಾಡಿದ್ದು, ಮಲಗ್ಬಿಡ್ತು. ತಗೊಳ್ಳಿ, ಮತ್ತೆ ಅಳಿಸಿ!"

ಜಾರುವ ಗೇರು

ಕೆಲವು ತಿಂಗಳಾದ ಮೇಲೆ ಹೊಸ ಕಾಟ. ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಲೋಡ್ ತುಂಬಿದ ಲಾರಿ ಇಳಿಜಾರಿನಲ್ಲಿ ಗೇರಿಲ್ಲದೆ ಓಡಿದರೆ ಏನಾಗುತ್ತದೆ ಅಂತ ನೆನೆದರೇ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಗೇರ್ ಬಾಕ್ಸ್ ಇಳಿಸಿದೆ. ಚಕ್ರ, ಶಾಫ್ಟು, ಸ್ಪ್ರಿಂಗು ಎಲ್ಲ ಗೋಣಿಚೀಲದ ಮೇಲೆ ಹರಡಿದೆ. ಗೌಡರು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತರು.

"ಇಷ್ಟೂ ಒಳಗಡೆ ಇತ್ತಾ?"

"ಹೂಂ ಗೌಡ್ರೇ."

"ವಾಪಸ್ ಹಿಡಿಯುತ್ತಾ?"

ಅಲ್ಲಿಯವರೆಗೆ ನನಗೆ ಆ ಅನುಮಾನ ಇರಲಿಲ್ಲ. ಅವರು ಕೇಳಿದ ಮೇಲೆ ಶುರುವಾಯಿತು.

ಹಲ್ಲು ಸವೆದಿರಲಿಲ್ಲ, ಸ್ಪ್ರಿಂಗ್ ಮುರಿದಿರಲಿಲ್ಲ. ಎಲ್ಲಾ ತೊಳೆದು ಜೋಡಿಸಿ, ನಾನೂ ಚಾಚಾನೂ ಕೆಂಗೇರಿವರೆಗೆ ಹೋಗಿ ಬಂದೆವು. ಗೇರು ಕಲ್ಲಿನ ಹಾಗೆ ನಿಂತಿತ್ತು. ಗೌಡರನ್ನು ಕೂರಿಸಿಕೊಂಡು ಚಾಚಾ ಮತ್ತೆ ಹೋದ, ಗೇರು ಜಾರಿತು. ಪುನಃ ಬಿಚ್ಚಿದೆ, ಪುನಃ ಜೋಡಿಸಿದೆ, ಪುನಃ ಅದೇ ಕಥೆ. ಗೌಡರು ಕುಗ್ಗಿ ಹೋದರು.

"ನಾನು ಕೂತ್ರೆ ಮಾತ್ರ ಬೀಳ್ತದೆ ಅಂದ್ರೆ, ದೋಷ ಲಾರೀದಲ್ಲ ಮೇಸ್ತ್ರಿ, ನನ್ನ ಜಾತಕದ್ದು" ಅಂದು ಶನಿವಾರದ ಉಪವಾಸ ಹಿಡಿದರು.

ಕೊನೆಗೆ ನಾನು ಹಿಂದಿನ ಬಾಡಿಯಲ್ಲಿ ನಿಂತು ಕ್ಯಾಬಿನ್ ಕಿಟಕಿಯಿಂದ ಇಣುಕುತ್ತಾ ಹೋದೆ. ಇಳಿಜಾರು ಬಂತು. ಗೌಡರ ಕಣ್ಣು ಅರಳಿತು, ಎರಡೂ ಕೈ ಸೀಟನ್ನು ಹಿಡಿಯಿತು, ಕಾಲು ನೆಲಕ್ಕೆ ಒತ್ತಿತು. ಎದುರಿಗೊಂದು ಎತ್ತಿನಗಾಡಿ ಕಂಡಿದ್ದೇ ತಡ, ಅವರ ಬಲ ಮೊಣಕಾಲು ಗೇರ್ ಲಿವರಿಗೆ ಹೋಗಿ ದಬಕ್ಕನೆ ಗುದ್ದಿತು. ಗೇರು ಹೋಯಿತು!

ಗಾಡಿ ನಿಲ್ಲಿಸಿ ಚಾಚಾನನ್ನು ಪಕ್ಕಕ್ಕೆ ಕರೆದೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಸ್ತ್ರಿ. ಯಜಮಾನ್ರಿಗೆ ಕಾಲು ತೆಗೀರಿ ಅಂತ ನಾನು ಹೆಂಗೆ ಹೇಳ್ಲಿ?"

ಗೌಡರಿಗೆ ನಾನೇ ಹೇಳಿದೆ. ಅವರು ಮೊಣಕಾಲು ಸವರಿಕೊಂಡರು.

"ಮತ್ತೇನ್ ಮಾಡ್ಲಿ ಮೇಸ್ತ್ರಿ, ಅವನ ಕಡೆ ಬ್ರೇಕ್ ಇದೆ. ನನ್ನ ಕಡೆ ಇಲ್ವಲ್ಲ!"

ಉಸಿರು ಕಟ್ಟುವ ರೋಗ

ಇನ್ನೊಂದು ಸಲ ಲಾರಿಗೆ ಉಬ್ಬಸ ಬಂತು. ಒಂದು ದಿನ ಕುದುರೆ ಹಾಗೆ ಓಡುತ್ತದೆ, ಇನ್ನೊಂದು ದಿನ ಸ್ವಲ್ಪ ದೂರ ಹೋಗಿ ಕಪ್ಪು ಹೊಗೆ ಕಾರಿ ಏದುಸಿರು ಬಿಡುತ್ತದೆ. ನಿಲ್ಲಿಸಿ ಬಾನೆಟ್ ಎತ್ತಿದರೆ ಏನೂ ಇಲ್ಲ. ಮತ್ತೆ ಶುರು ಮಾಡಿದರೆ ಗುಣವಾಗಿರುತ್ತದೆ. ಪ್ಲಗ್ ಬದಲಾಯಿಸಿದೆ, ಕಾರ್ಬೊರೇಟರ್ ತೊಳೆದೆ, ಬೆಲ್ಟು ಬಿಗಿ ಮಾಡಿದೆ. ನನ್ನ ಮೇಲಿನ ನಂಬಿಕೆ ಗೌಡರಿಗೆ ದಿನಾ ಒಂದಿಷ್ಟು ಇಳಿಯುತ್ತಿತ್ತು. ನನಗಂತೂ ಅವರಿಗಿಂತ ಮೊದಲೇ ಇಳಿದಿತ್ತು.

ಓಡುವಾಗ ಏನಾಗುತ್ತದೆ ಅಂತ ಕಣ್ಣಾರೆ ನೋಡದೆ ಬೇರೆ ದಾರಿ ಇರಲಿಲ್ಲ. ಬಾನೆಟ್ಟಿನ ಒಂದು ಪಕ್ಕ ತೆಗೆದಿಟ್ಟು ಮುಂದಿನ ಮಡ್‌ಗಾರ್ಡ್ ಮೇಲೆ ಕೂತು, ಹೆಡ್‌ಲೈಟನ್ನು ತಬ್ಬಿಕೊಂಡೆ. "ನಿಧಾನ ಚಾಚಾ, ನನಗೆ ಹೆಂಡ್ತಿ ಮಕ್ಕಳಿದ್ದಾರೆ" ಅಂದೆ. ಮೈಸೂರು ರಸ್ತೆಯಲ್ಲಿ ಎದುರು ಬರುವ ಬಸ್ಸಿನವರೆಲ್ಲ ನನ್ನನ್ನು ನೋಡಿ ಹಾರನ್ ಹೊಡೆದರು.

ಲಾರಿ ವೇಗ ಹಿಡಿಯಿತು. ಬ್ಲೋವರ್ ಅಳಲು ಶುರು ಮಾಡಿತು. ಆಗ ಎಂಜಿನ್ನಿನ ಹಿಂದಿನ ಮೂಲೆಯಿಂದ ಬಿಳಿಯದೇನೋ ಒಂದು ಮೆಲ್ಲಗೆ ಎದ್ದಿತು. ಗಾಳಿಯಲ್ಲಿ ಒಂದು ಸಲ ಓಲಾಡಿತು. ನನ್ನ ಪ್ರಾಣ ಬಾಯಿಗೆ ಬಂತು. ಅದು ತೇಲಿಕೊಂಡು ಬಂದು ಗಾಳಿ ಎಳೆದುಕೊಳ್ಳುವ ಬಾಯಿಗೆ ಪಟ್ಟನೆ ಅಂಟಿಕೊಂಡಿತು. ಎಂಜಿನ್ ಕೆಮ್ಮಿತು. ಚಾಚಾ ನಿಲ್ಲಿಸಿದ. ಬಿಳಿಯದು ಸದ್ದಿಲ್ಲದೆ ಜಾರಿ ಮೂಲೆಗೆ ಬಿದ್ದುಕೊಂಡಿತು.

ಕೈ ಹಾಕಿ ಎಳೆದೆ. ಟವೆಲ್ಲು! ಚಾಚಾ ಬೆಳಿಗ್ಗೆ ಸ್ನಾನ ಮಾಡಿದ ದಿನಗಳಲ್ಲೆಲ್ಲ ಒದ್ದೆ ಟವೆಲನ್ನು ಎಂಜಿನ್ ಬಿಸಿಗೆ ಒಣಗಲಿ ಅಂತ ಅಲ್ಲಿ ಹರವುತ್ತಿದ್ದ. ಗಾಳಿ ಬಾಯಿಗೆ ಇರಬೇಕಾದ ಜಾಲರಿ ಮುಚ್ಚಳ ಯಾವತ್ತೋ ಉದುರಿ ಹೋಗಿತ್ತು.

ಚಾಚಾ ಟವೆಲನ್ನು ನನ್ನ ಕೈಯಿಂದ ಇಸಿದುಕೊಂಡು ಮುಟ್ಟಿ ಮುಟ್ಟಿ ನೋಡಿದ.

"ಗಾಡಿ ಏನೇ ಆಗಿರ್ಲಿ ಮೇಸ್ತ್ರಿ, ಒಣಗೋದು ಮಾತ್ರ ಫಸ್ಟ್ ಕ್ಲಾಸ್!"

ದಿಬ್ಬಣ

ಗೌಡರ ದೊಡ್ಡ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ವಿಜಯನಗರದ ಛತ್ರದಲ್ಲಿ ಮದುವೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಹೆಣ್ಣಿನ ದಿಬ್ಬಣ ಮೂಡಲಪಾಳ್ಯದಿಂದ ಹೋಗಬೇಕು. "ಸ್ವಂತ ಲಾರಿ ಇಟ್ಕೊಂಡು ಬೇರೆ ಗಾಡಿ ಮಾಡೋದಾ?" ಅಂದರು ಗೌಡರು. ನನಗೂ ಕರೆ ಇತ್ತು.

ಆದರೆ ಗೌಡರ ಮುಖದಲ್ಲಿ ಕಳೆ ಇರಲಿಲ್ಲ. ಬೀಗರು ಹುಡುಗನಿಗೆ ಸ್ಕೂಟರ್ ಕೇಳಿದ್ದರು. ಗೌಡರು ಒಪ್ಪಿ ಬುಕ್ ಮಾಡಿದ್ದರು. ಆಗ ಸ್ಕೂಟರ್ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕು, ಅದು ಬಂದಿರಲಿಲ್ಲ. "ಇಳಿದ ತಕ್ಷಣ ಸ್ಕೂಟರ್ ಎಲ್ಲಿ ಅಂತಾರೆ ಮೇಸ್ತ್ರಿ. ತಾಳಿ ಕಟ್ಟಲ್ಲ ಅಂದ್ಬಿಟ್ರೆ ನಾನೇನ್ ಮಾಡ್ಲಿ?" ಅಂತ ಬೆಳಗಿನಿಂದ ನನ್ನ ಕೈ ಹಿಡಿದುಕೊಂಡೇ ಇದ್ದರು.

ಚಾಚಾ ಲಾರಿಯನ್ನು ರಿವರ್ಸ್ ತೆಗೆದುಕೊಂಡು ಮನೆ ಬಾಗಿಲಿಗೆ ತಂದ. ಹಿಂದೆ ಜಮಖಾನ ಹಾಸಿ ಮದುಮಗಳು, ಹೆಂಗಸರು, ಮಕ್ಕಳು ಎಲ್ಲ ಹತ್ತಿ ಕೂತರು. ವಾಲಗದವರೂ ಹತ್ತಿದರು. ಚಾಚಾ ಲಿವರ್ ಎಳೆದ, ಬರಲಿಲ್ಲ. ನಾನು ಎಳೆದೆ, ಬರಲಿಲ್ಲ. ಹೊಸ ಪಂಚೆ ಉಟ್ಟವನು ಹಾಗೇ ಅಡಿಗೆ ನುಗ್ಗಿ ಸುತ್ತಿಗೆಯಲ್ಲಿ ತಟ್ಟಿದೆ. ಗೇರು ರಿವರ್ಸಿನಲ್ಲೇ ಕಚ್ಚಿಕೊಂಡಿತ್ತು. ಬಾಕ್ಸ್ ಇಳಿಸದೆ ಬಿಡಿಸುವ ಹಾಗಿಲ್ಲ, ಇಳಿಸಿದರೆ ಮುಹೂರ್ತ ಮೀರುತ್ತದೆ. ಬೇರೆ ಗಾಡಿ ಹುಡುಕಲು ಹೊತ್ತಿಲ್ಲ. ಗೌಡರು ಜಗಲಿ ಮೇಲೆ ಕುಸಿದು ಕೂತರು.

ಲಾರಿಯ ಮೇಲಿಂದ ಗೌಡರ ಮುದಿ ತಾಯಿ ಕೂಗಿದರು: "ಹೋಗೋದು ತಾನೇ ಮುಖ್ಯ? ಯಾವ ಕಡೆ ಮುಖ ಮಾಡ್ಕೊಂಡು ಹೋದ್ರೇನ್ಲಾ? ನಡೀರಿ!"

ಹೊರಟೆವು. ಗೌಡರು ಮುಂದೆ ಚಾಚಾನ ಪಕ್ಕ. ನಾನು ಹಿಂದಿನ ಮೂಲೆಯಲ್ಲಿ ಜೋತುಬಿದ್ದು "ರೈಟ್... ರೈಟ್... ಸ್ವಲ್ಪ ಎಡಕ್ಕೆ" ಅಂತ ಕೂಗುತ್ತಿದ್ದೆ. ಚಾಚಾನ ಕತ್ತು ಹೊರಳಿ ಹೊರಳಿ ಅರ್ಧ ಗೇಣು ಉದ್ದ ಆಗಿತ್ತು. ಬ್ಲೋವರ್ ಅಳುತ್ತಿತ್ತು, ಮದುಮಗಳೂ ಅಳುತ್ತಿದ್ದಳು, ವಾಲಗ ಎರಡನ್ನೂ ಮುಚ್ಚಲು ನೋಡುತ್ತಿತ್ತು.

ಛತ್ರದ ಬಾಗಿಲಲ್ಲಿ ಬೀಗರು ಎದುರುಗೊಳ್ಳಲು ನಿಂತಿದ್ದರು. ಗಂಡಿನ ಅಪ್ಪನಿಗೆ ದೂರದ್ದು ಸರಿಯಾಗಿ ಕಾಣದು, ಆ ಗಡಿಬಿಡಿಯಲ್ಲಿ ಕನ್ನಡಕ ಬೇರೆ ಮರೆತಿದ್ದರು. ಅವರಿಗೆ ಕಂಡಿದ್ದು ಲಾರಿಯ ಹಿಂಭಾಗ. ಹಿಂಭಾಗ ಕಂಡರೆ ಲಾರಿ ಹೋಗುತ್ತಿದೆ ಅಂತಲೇ ಅರ್ಥ ತಾನೆ?

"ಅಯ್ಯೋ! ಸಿಟ್ಟು ಮಾಡ್ಕೊಂಡು ವಾಪಸ್ ಹೊರಟ್ಬಿಟ್ರು ಕಣ್ರೋ!" ಅಂತ ಕಿರುಚಿ, ಪಂಚೆ ಎತ್ತಿ ಕಟ್ಟಿ, ಲಾರಿ ಹಿಡಿಯಲು ಓಡಿ ಬಂದರು. ಅವರು ಲಾರಿ ಕಡೆಗೆ, ಲಾರಿ ಅವರ ಕಡೆಗೆ. ನಾನು ಲಾರಿಯ ಹಲಗೆ ಬಡಿಯುತ್ತಾ ಕೂಗಿದೆ: "ಹೋಲ್ಡಾನ್! ಚಾಚಾ ಹೋಲ್ಡಾನ್!"

ಲಾರಿ ಅವರ ಮೂಗಿನ ಮುಂದೆ ನಿಂತಿತು. ಬೀಗರು ಎರಡೂ ಕೈಯಲ್ಲಿ ಹಿಂದಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಲ್ಲಿ ಬಿಟ್ಟರೆ ಹೊರಟುಹೋಗುತ್ತದೋ ಅಂತ ಭಯ. ಗೌಡರು ಕ್ಯಾಬಿನ್ನಿನಿಂದ ಇಳಿದು ಬಂದರು, ಸ್ಕೂಟರ್ ಮಾತಿಗೆ ಸಿದ್ಧವಾಗಿ. ಅವರು ಬಾಯಿ ತೆರೆಯುವ ಮೊದಲೇ ಬೀಗರು ಏದುಸಿರಲ್ಲಿ ಹೇಳಿದರು:

"ಗೌಡ್ರೇ, ದಮ್ಮಯ್ಯ, ತಿರುಗಿ ಹೋಗ್ಬೇಡಿ. ಊರವರ ಮುಂದೆ ನಮ್ಮ ಮಾನ ಹೋಗುತ್ತೆ. ಸ್ಕೂಟರೂ ಬೇಡ, ಏನೂ ಬೇಡ. ಹೆಣ್ಣು ಇಳಿಸಿ ಸಾಕು!"

ಗೌಡರು ನನ್ನ ಮುಖ ನೋಡಿದರು. ನಾನು ಲಾರಿಯ ಮುಖ ನೋಡಿದೆ, ಅದು ಆ ಕಡೆ ಇತ್ತು. ಗೌಡರು ಗಂಟಲು ಸರಿಮಾಡಿಕೊಂಡು, "ನೀವು ಇಷ್ಟು ಹೇಳಿದ್ಮೇಲೆ... ಆಗ್ಲಿ ಬಿಡಿ" ಅಂದರು.

ಕೊರಳಿಗೆ ತಾಳಿ ಬಿತ್ತು. ಊಟ ಆಯಿತು. ನಾನು ಎಲೆಯ ಮುಂದಿಂದ ಎದ್ದು, ಕೈ ತೊಳೆದು, ಸ್ಪ್ಯಾನರ್ ಹಿಡಿದು ಲಾರಿ ಅಡಿಗೆ ತೂರಿದೆ. ಯಾರೋ ನನ್ನ ಕಾಲು ಹಿಡಿದು ಹೊರಗೆ ಎಳೆದರು. ನೋಡಿದರೆ ಗೌಡರು.

"ಮುಟ್ಟಬೇಡಿ ಮೇಸ್ತ್ರಿ, ಹಾಗೇ ಇರ್ಲಿ" ಅಂದರು ಕಿವಿಯಲ್ಲಿ. "ಇನ್ನೂ ಚಿಕ್ಕೋಳ ಮದುವೆ ಇದೆ."