ಇಲ್ಲದ ಅಡ್ಡಪೈಪು ಹಾಗೂ ಇರುವ ಬಲಗಾಲಿನ ಕುರಿತು

ವಾಹನ ಪಾರ್ಶ್ವ ನಿಯಂತ್ರಣ ವಿಭಾಗ
(ಎಡ ಮತ್ತು ಬಲ)
ಹುಬ್ಬಳ್ಳಿ-ಧಾರವಾಡ

ಸಂಖ್ಯೆ: ವಾಪಾನಿ/ಹುಧಾ/ಅಪೈ/ಬಲಗಾಲು/೧೭
ದಿನಾಂಕ: ಮೊಹರು ದುರಸ್ತಿಯಲ್ಲಿರುವುದರಿಂದ ನಮೂದಿಸಿಲ್ಲ

ಸುತ್ತೋಲೆ

ವಿಷಯ: ಪಿಕಪ್ ವಾಹನಗಳಿಗೆ ಮನೆಯಲ್ಲೇ ತಯಾರಿಸಿ ಬೋಲ್ಟ್ ಹಾಕಿ ಕೂಡಿಸುವ ಅಡ್ಡಪೈಪುಗಳ ನಿಷೇಧ, ಹಾಗೂ ಅಂಥ ಒಂದು ಪೈಪಿನಿಂದ ಉಳಿದುಕೊಂಡ ಬಲಗಾಲನ್ನು ಸಕ್ರಮಗೊಳಿಸುವ ಬಗ್ಗೆ.

ಉಲ್ಲೇಖ:
೧. ಇದೇ ವಿಷಯದ ಹಿಂದಿನ ಸುತ್ತೋಲೆ (ಯಾರೂ ಓದಿದಂತೆ ಕಂಡುಬಂದಿಲ್ಲ).
೨. ಸಹಾಯಕ ನಿಯಂತ್ರಕರಿಗೆ ಪ್ರಭಾರ ನಿಯಂತ್ರಕರು ಕೊಟ್ಟ ಕಾರಣ ಕೇಳುವ ನೋಟಿಸು.
೩. ಪ್ರಭಾರ ನಿಯಂತ್ರಕರಿಗೆ ಸಹಾಯಕ ನಿಯಂತ್ರಕರು ತಡವಾಗಿ ಕೊಟ್ಟ ಉತ್ತರ. (ಎರಡೂ ಹುದ್ದೆಗಳಲ್ಲಿ ಶ್ರೀ ಯಜ್ಞೇಶ್ವರ ಮುದಗಲ್ಲ ಅವರೇ ಇರುವುದರಿಂದ ಅಂಚೆ ವೆಚ್ಚ ತಗುಲಿಲ್ಲ.)
೪. ಬೆಂಗೇರಿಯ ಶ್ರೀಮತಿ ಈರವ್ವ ಅವರು ದಿನಾಲೂ ಮುಂಜಾನೆ ಕಚೇರಿ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ ಸಲ್ಲಿಸುತ್ತಿರುವ ಮನವಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟ ಹಾಗೂ ಸಂಬಂಧವೇ ಇಲ್ಲದ ಎಲ್ಲರ ಗಮನಕ್ಕೆ ಈ ಕೆಳಗಿನ ಸಂಗತಿಗಳನ್ನು ತರಲಾಗಿದೆ.

೧. ಪಾಸಿಂಗಿಗೆ, ಎಂದರೆ ವಾಹನವು ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಪಡೆಯುವ ತಪಾಸಣೆಗೆ, ಬರುವ ಪ್ರತಿಯೊಂದು ಪಿಕಪ್ಪು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರತಕ್ಕದ್ದು. ತುಕ್ಕು, ನೆಗ್ಗು, ಹೊಗೆ ಮತ್ತು ವಯಸ್ಸಿಗೆ ವಿನಾಯಿತಿ ಇದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಖಾಲಿ ಜಾಗಕ್ಕೆ ಮಾಲೀಕರು ತಾವೇ ಅಡ್ಡ ಕಟ್ಟಿದ ಪೈಪಿಗೆ ವಿನಾಯಿತಿ ಇಲ್ಲ. ಸದರಿ ಖಾಲಿ ಜಾಗವು ಖಾಲಿಯೇ ಇರತಕ್ಕದ್ದು ಎಂದು ಈ ಮೂಲಕ ಮತ್ತೊಮ್ಮೆ ಸೂಚಿಸಲಾಗಿದೆ.

೨. ಹೀಗಿದ್ದಾಗ್ಯೂ, ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರದ ಶ್ರೀಮತಿ ಈರವ್ವ ಅವರು ತಮ್ಮ ಪಿಕಪ್ಪಿನ ಎರಡೂ ಮಗ್ಗುಲಿಗೆ ಅಡ್ಡಪೈಪು ಮಾಡಿಕೊಂಡಿರುವುದು ತಿಳಿದುಬಂದಿದೆ. ಮದುವೆ ಹಂದರದ ಹಳೆಯ ಕಂಬಗಳನ್ನು ಲಕಮನಹಳ್ಳಿಯ ಒಂದು ಶೆಡ್ಡಿಗೆ ಒಯ್ದು, ಬೇಕಾದಷ್ಟು ಉದ್ದಕ್ಕೆ ಕೊಯ್ಯಿಸಿ, ಒಂದರ ಮೇಲೊಂದರಂತೆ ಎರಡು ಪೈಪುಗಳನ್ನು ದಪ್ಪ ಪಟ್ಟಿಗಳಿಗೆ ವೆಲ್ಡಿಂಗ್ ಮಾಡಿಸಿ, ಗಾಡಿಯ ಚಾಸಿಗೆ, ಎಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ನಾಲ್ಕು ಬೋಲ್ಟಿನಿಂದ ಬಿಗಿದಿರುತ್ತಾರೆ. ಪಟ್ಟಿಗೂ ಚಾಸಿಗೂ ನಡುವೆ ಗಡಗಡ ಸಪ್ಪಳ ಆಗದಂತೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಇಟ್ಟಿರುತ್ತಾರೆ. ಮೊದಲನೇ ಸಲ ತೂತುಗಳನ್ನು ತಪ್ಪು ಜಾಗದಲ್ಲಿ ಕೊರೆಸಿ, ಶೆಡ್ಡಿನವನೊಂದಿಗೆ ಜಗಳ ತೆಗೆದು, ಎರಡನೇ ಸಲ ತಾವೇ ಸೀಮೆಸುಣ್ಣದಿಂದ ಗುರುತು ಹಾಕಿ ಅದನ್ನೂ ತಪ್ಪಿಸಿದ್ದರಿಂದ, ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತೂತುಗಳಿವೆ. ಹಂದರದ ಗುಲಾಬಿ ಬಣ್ಣ ಇನ್ನೂ ಹಾಗೆಯೇ ಇದೆ. ಇದಕ್ಕೆಲ್ಲ ಪರವಾನಗಿ ಎಲ್ಲಿ ಎಂದು ಕೇಳಲಾಗಿ, ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: "ನೂರು ಮಂದಿ ಕುಂತು ಉಣ್ಣೂ ಹಂದರಾ ನಿಲ್ಲಿಸಿದ ಪೈಪು ಐತ್ರಿ ಇದು. ಬೀಳೂ ಒಬ್ಬ ಮನಷ್ಯಾನ್ನ ತಡಿಯಾಕ ಇದಕ್ಕ ಯಾವ ಪರವಾನಗಿ ಬೇಕ್ರಿ?" ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಈ ವಿಭಾಗಕ್ಕೆ ಇರುವುದಿಲ್ಲ.

೩. ಪಾಸಿಂಗಿನ ದಿನ ವಾಹನ ಮಾಲೀಕರು ಅಡ್ಡಪೈಪು ಬಿಚ್ಚಿ, ಕಚೇರಿಯ ಎದುರಿಗಿನ ಶ್ರೀ ಗೌಸಮೊದ್ದೀನ ಅವರ ಚಹಾದಂಗಡಿಯಲ್ಲಿ ಇಟ್ಟು, ಒಳಗೆ ಬಂದು ಪ್ರಮಾಣಪತ್ರ ಪಡೆದು, ಹೊರಗೆ ಹೋಗಿ ಪುನಃ ಬಿಗಿದುಕೊಂಡು ಮನೆಗೆ ಹೋಗುವ ಪದ್ಧತಿ ಬಹುಕಾಲದಿಂದ ಇದೆ. ಹೀಗಾಗಿ ನಗರದ ಅನೇಕ ಪಿಕಪ್ಪುಗಳು ಸುರಕ್ಷಿತವೆಂದು ಪ್ರಮಾಣೀಕರಿಸಲ್ಪಡುವ ಆ ಅರ್ಧ ತಾಸು ಮಾತ್ರ ಅಸುರಕ್ಷಿತವಾಗಿರುತ್ತವೆ. ಅಂಗಡಿಯವರು ಬಿಚ್ಚಿಟ್ಟ ಪೈಪುಗಳನ್ನು ಇಟ್ಟಿಗೆಯ ಮೇಲೆ ಅಡ್ಡ ಹಾಕಿ ಬೆಂಚು ಮಾಡುತ್ತಾರೆ. ಈ ವಿಭಾಗದ ತಪಾಸಣಾ ಸಿಬ್ಬಂದಿಯು ದಿನಕ್ಕೆರಡು ಬಾರಿ ಸದರಿ ಬೆಂಚಿನ ಮೇಲೆಯೇ ಕುಳಿತು ಚಹಾ ಕುಡಿಯುತ್ತಾ ಬಂದಿದ್ದು, ತಾವು ಯಾವುದರ ಮೇಲೆ ಕುಳಿತಿದ್ದೇವೆಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಂಬಲು ನಿರ್ಧರಿಸಲಾಗಿದೆ.

೪. ಘಟನೆಯ ವಿವರ. ಕಳೆದ ಪಾಸಿಂಗಿನ ದಿನ ಶ್ರೀ ಯಜ್ಞೇಶ್ವರ ಮುದಗಲ್ಲ (ಇನ್ನು ಮುಂದೆ 'ಸದರಿ ಅಧಿಕಾರಿ') ಅವರು ಈರವ್ವ ಅವರ ಪಿಕಪ್ಪನ್ನು ಖುದ್ದಾಗಿ ಪರಿಶೀಲಿಸಿ, 'ಎರಡೂ ಪಾರ್ಶ್ವಗಳಲ್ಲಿ ಏನೂ ಇಲ್ಲ' ಎಂದು ಪ್ರಮಾಣೀಕರಿಸಿ ಸಹಿ ಮಾಡಿದರು. ತರುವಾಯ ಕಚೇರಿ ಮುಗಿಸಿ ತಮ್ಮ ಸ್ಕೂಟರಿನಲ್ಲಿ ಧಾರವಾಡದ ಮನೆಗೆ ಹೊರಟಾಗ, ಅದೇ ಪಿಕಪ್ಪು ಪೈಪು ಬಿಗಿದುಕೊಂಡು ಮುಂದೆ ಸಾಗುತ್ತಿತ್ತು. ಸದರಿ ಅಧಿಕಾರಿಯು ಅದನ್ನು ಎಡಗಡೆಯಿಂದ ಹಾಯ್ದು ಮುಂದೆ ಹೋಗಲು ಯತ್ನಿಸಿದರು. ಇದನ್ನು ಓವರ್‌ಟೇಕ್ ಎಂದು ಓದಕೂಡದು. ಎಡ ಪಾರ್ಶ್ವದ ಸ್ವಯಂಪ್ರೇರಿತ ಪರಿಶೀಲನೆ ಎಂದು ಓದತಕ್ಕದ್ದು. ರಸ್ತೆಯಲ್ಲಿ ಬೇರೊಂದು ಇಲಾಖೆಯ ಜಲ್ಲಿಕಲ್ಲು ಬಿದ್ದಿತ್ತು. ಸ್ಕೂಟರು ಜಾರಿತು. ಅಧಿಕಾರಿ ಬಲಮಗ್ಗುಲಾಗಿ ಬಿದ್ದು, ಬಲಗಾಲು ಮುಂದಾಗಿ, ಪಿಕಪ್ಪಿನ ಎರಡು ಗಾಲಿಗಳ ನಡುವೆ ಸರಿದುಹೋಗಬೇಕಾದಲ್ಲಿ, ಗುಲಾಬಿ ಬಣ್ಣದ ಪೈಪಿಗೆ ಬಡಿದು ಹೊರಗೇ ಉಳಿದರು. ಪೈಪು ಬಾಗಿತು. ಪ್ಯಾಂಟು ಹರಿಯಿತು. ಹಿಂದಿನ ಗಾಲಿಯು ಅವರ ಕಣ್ಣೆದುರಿಗೇ ಹಾದುಹೋಯಿತು. ಆ ಕ್ಷಣ ಸದರಿ ಅಧಿಕಾರಿಗೆ ಭಯವಾಯಿತು, ಬಹಳ ಭಯವಾಯಿತು. ನಮೂನೆಯಲ್ಲಿ ಭಯಕ್ಕೆ ಕಾಲಂ ಇಲ್ಲದ್ದರಿಂದ ಇಲ್ಲಿಯೇ ನಮೂದಿಸಲಾಗಿದೆ.

೫. ನಂತರ ಅವರು ಎರಡೂ ಕಾಲುಗಳ ಮೇಲೆ ಎದ್ದು ನಿಂತು, ಅಂಗಿ ಝಾಡಿಸಿಕೊಂಡು, ಸ್ಥಳದಲ್ಲಿಯೇ ಪೈಪನ್ನು ಜಪ್ತು ಮಾಡಿದರು. ಈರವ್ವ ಅವರು ನೀರಿನ ಬಾಟಲಿ ಹಿಡಿದುಕೊಂಡು ಇಳಿದು ಬಂದಿದ್ದು, ಜಪ್ತಿಯ ಮಾತು ಕೇಳಿ ಬಾಟಲಿಯನ್ನು ವಾಪಸು ಒಯ್ದಿರುತ್ತಾರೆ. ಕಚೇರಿ ಉಗ್ರಾಣದ ಕೀಲಿಕೈ ಸಿಗದ ಕಾರಣ ಪೈಪನ್ನು ಗೌಸಮೊದ್ದೀನ ಅವರ ಅಂಗಡಿಯಲ್ಲಿ ಸರ್ಕಾರಿ ಸುಪರ್ದಿಯಲ್ಲಿ ಇರಿಸಲಾಯಿತು. ಅಂದಿನಿಂದ ಅದು ಖಾಯಂ ಬೆಂಚು. ಸದರಿ ಅಧಿಕಾರಿಯು ನೋಯುವ ಬಲಗಾಲನ್ನು ಚಾಚಿಕೊಂಡು ಅದರ ಮೇಲೆ ಕೂರುವುದನ್ನು ಈರವ್ವ ಅವರು ದಿನಾಲೂ ರಸ್ತೆಯ ಆಚೆ ಬದಿಯಿಂದ ನೋಡುತ್ತಿದ್ದಾರೆ.

೬. ಇಲ್ಲಿಯವರೆಗೆ ತೊಡಕೇನೂ ಇರಲಿಲ್ಲ. ಕಡತ ಮುಚ್ಚುವ ವೇಳೆಗೆ ಕೆಳಗಿನ ಆಕ್ಷೇಪಣೆ ಎದ್ದಿತು. ಪಿಕಪ್ಪಿನ ಪಾರ್ಶ್ವದಲ್ಲಿ ಏನೂ ಇಲ್ಲವೆಂದು ಪ್ರಮಾಣಪತ್ರವಿದೆ. ಏನೂ ಇಲ್ಲದಿದ್ದರೆ ಸದರಿ ಅಧಿಕಾರಿಯ ಬಲಗಾಲು ಹೋಗಿರಬೇಕು. ಬಲಗಾಲು ಇದ್ದರೆ ಪೈಪು ಇದ್ದಿರಬೇಕು. ಪೈಪು ಇದ್ದರೆ ಪ್ರಮಾಣಪತ್ರ ಸುಳ್ಳಾಗುತ್ತದೆ. ಈ ವಿಭಾಗದ ಪ್ರಮಾಣಪತ್ರ ಸುಳ್ಳಾದ ಪೂರ್ವನಿದರ್ಶನ ಇಲ್ಲ. ಆದ್ದರಿಂದ ಬಲಗಾಲಿನ ಬಗ್ಗೆ ಸಮಜಾಯಿಷಿ ಕೊಡುವಂತೆ ಪ್ರಭಾರ ನಿಯಂತ್ರಕರು ಸಹಾಯಕ ನಿಯಂತ್ರಕರಿಗೆ ನೋಟಿಸು ನೀಡಿದರು. ಸಹಾಯಕ ನಿಯಂತ್ರಕರು ನಿಂತುಕೊಂಡು ಅದನ್ನು ಸ್ವೀಕರಿಸಿದರು.

೭. ಬಲಗಾಲಿನ ಪೂರ್ವನಿದರ್ಶನಗಳನ್ನು ಶೋಧಿಸಲಾಗಿ ಒಂದು ದೊರೆತಿದೆ. ಚಹಾದಂಗಡಿಯ ಗೌಸಮೊದ್ದೀನ ಅವರು ಕೆಲವು ವರ್ಷಗಳ ಹಿಂದೆ ಕಮರಿಪೇಟೆಯಲ್ಲಿ ಸೈಕಲ್ಲಿನಿಂದ ಜಾರಿ, ಯಾರದೋ ಪಿಕಪ್ಪಿನ ಎರಡು ಗಾಲಿಗಳ ನಡುವೆ ಸರಿದುಹೋಗಿ, ಬಲಗಾಲು ಕಳೆದುಕೊಂಡಿರುತ್ತಾರೆ. ಆ ಪಿಕಪ್ಪಿನ ಪಾರ್ಶ್ವದಲ್ಲಿಯೂ ಏನೂ ಇಲ್ಲವೆಂದು ಈ ವಿಭಾಗವೇ ಪ್ರಮಾಣೀಕರಿಸಿತ್ತು. ಅಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಪ್ರಮಾಣಪತ್ರವೂ ಕಾಲೂ ಒಂದಕ್ಕೊಂದು ಸರಿಯಾಗಿ ತಾಳೆಯಾದ್ದರಿಂದ, ಯಾವುದೇ ಲೋಪವಿಲ್ಲವೆಂದು ಕಡತವನ್ನು ಅದೇ ವಾರ ಮುಕ್ತಾಯಗೊಳಿಸಿ, ತಪಾಸಣಾ ಸಿಬ್ಬಂದಿಗೆ ಪ್ರಶಂಸಾಪತ್ರ ನೀಡಲಾಗಿತ್ತು. ಅಂದು ಆ ಓಣಿಯಲ್ಲಿ ಹಂದರ ಹಾಕಿಸುತ್ತಿದ್ದ ಈರವ್ವ ಅವರು ಎಲ್ಲವನ್ನೂ ಕಣ್ಣಾರೆ ಕಂಡು, ಮರುವಾರವೇ ಕಂಬಗಳನ್ನು ಲಕಮನಹಳ್ಳಿಗೆ ಒಯ್ದರೆಂದು ಈಗ ತಿಳಿದುಬಂದಿದೆ. ಪೈಪುಗಳನ್ನು ಬಾಡಿಗೆಯಿಲ್ಲದೆ ಕಾಯುವುದೇಕೆ ಎಂದು ಗೌಸಮೊದ್ದೀನ ಅವರನ್ನು ವಿಚಾರಿಸಲಾಗಿ, ಅವರ ಹೇಳಿಕೆ ಹೀಗಿದೆ: "ನಂದು ಕಾಲು ರೂಲ್ ಪ್ರಕಾರ ಹೋತ್ರಿ ಸಾಹೇಬ್ರ. ನಿಮ್ದು ರೂಲ್ ಮುರದು ಉಳದೈತಿ. ಛಲೋ ಆತು ಬಿಡ್ರಿ. ಚಹಾ ಆರಾಕತ್ತೈತಿ, ಕುಡೀರಿ."

ಚಹಾ ಕುಡಿಯಲಾಯಿತು. ರುಚಿಯ ಬಗ್ಗೆ ಅಭಿಪ್ರಾಯವಿಲ್ಲ.

೮. ಮೇಲ್ಕಂಡ ಹಿನ್ನೆಲೆಯಲ್ಲಿ ಸದರಿ ಅಧಿಕಾರಿಯ ಬಲಗಾಲಿನ ಸಂಬಂಧ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಸದರಿ ಬಲಗಾಲು ಅನಧಿಕೃತ ಸಾಧನದಿಂದ ಉಳಿದದ್ದಾದ್ದರಿಂದ, ಮುಂದಿನ ಆದೇಶದವರೆಗೆ ಅದನ್ನು ತಾತ್ಕಾಲಿಕ ಎಂದು ಪರಿಗಣಿಸತಕ್ಕದ್ದು.

(ಆ) ಕಚೇರಿಯ ಮೆಟ್ಟಿಲನ್ನು ಎಡಗಾಲಿನಿಂದ ಹತ್ತತಕ್ಕದ್ದು. ಬಲಗಾಲನ್ನು ಖಾಸಗಿ ಸಾಮಾನಿನಂತೆ ಹಿಂದಿನಿಂದ ತಂದುಕೊಳ್ಳಬಹುದು.

(ಇ) ಕಾಲ ಮೇಲೆ ಕಾಲು ಹಾಕಿ ಕೂರುವಾಗ ಅಧಿಕೃತ ಕಾಲು ಮೇಲಿರತಕ್ಕದ್ದು.

(ಈ) ಬಲಗಾಲಿನ ನೋವಿಗೆ ರಜೆ ಕೇಳುವಂತಿಲ್ಲ. ಅದು ಸಕ್ರಮವಾಗುವವರೆಗೆ ನೋವನ್ನು ಎಡಗಾಲಿನಲ್ಲಿ ತೋರಿಸತಕ್ಕದ್ದು.

ಸಾರ್ವಜನಿಕರಿಗೆ ಸೂಚನೆ: ಅಧಿಕೃತ ಅಡ್ಡಪೈಪಿನ ನಕ್ಷೆಯು ಈ ವಿಭಾಗ ಹುಟ್ಟಿದಂದಿನಿಂದ ಪರಿಶೀಲನೆಯಲ್ಲಿದೆ, ಸಮಿತಿಯು ಸದ್ಯ ಬಣ್ಣದವರೆಗೆ ಬಂದಿದೆ. ಅಲ್ಲಿಯವರೆಗೆ ದ್ವಿಚಕ್ರ ಸವಾರರು ಬೀಳುವುದಿದ್ದಲ್ಲಿ ಪಿಕಪ್ಪು ಇಲ್ಲದ ಬದಿಗೆ ಬೀಳತಕ್ಕದ್ದು. ಅನಿವಾರ್ಯವಾಗಿ ಪಿಕಪ್ಪಿನ ಕಡೆಗೇ ಬೀಳಬೇಕಾದವರು, ಬೀಳುತ್ತಿರುವಾಗಲೇ ಪೈಪು ಅಧಿಕೃತವೋ ಮನೆಯಲ್ಲಿ ಮಾಡಿದ್ದೋ ಎಂದು ಖಾತ್ರಿಪಡಿಸಿಕೊಂಡು, ಮನೆಯಲ್ಲಿ ಮಾಡಿದ್ದಾದಲ್ಲಿ ಅದಕ್ಕೆ ತಾಗದಂತೆ ನಿಯಮಾನುಸಾರ ಒಳಗೆ ಹೋಗತಕ್ಕದ್ದು. ಶಾಲಾಮಕ್ಕಳಿಗೆ ಇದನ್ನು ಪ್ರಾರ್ಥನೆಯ ಹೊತ್ತಿಗೆ ಓದಿಹೇಳತಕ್ಕದ್ದು.

೯. ಮೇಲಿನ ಸೂಚನೆಯ ಕೊನೆಯ ವಾಕ್ಯದ ಕರಡನ್ನು ಬರೆದ ದಿನವೇ ಉಲ್ಲೇಖ ೪ರ ಮನವಿಯು ಮತ್ತೊಮ್ಮೆ ಬಂದಿತು. ಅದನ್ನು ಕಡತಕ್ಕೆ ಸೇರಿಸಿದೆ: "ನಿಮ್ಮ ಕಾಲು ಐತೋ ಇಲ್ಲೋ ನೀವ ನೋಡ್ಕೋರ್ರಿ ಸಾಹೇಬ್ರ. ನನ್ನ ಪೈಪು ನನಗ ಕೊಡ್ರಿ. ಸಾಲಿ ಬಿಡೂ ಹೊತ್ತಿನ್ಯಾಗ ಹುಡುಗೂರು ಸೈಕಲ್ ತಗೊಂಡು ಎಡಕ್ಕ ನುಗ್ಗತಾವು. ಬರೇ ಮಗ್ಗಲಾ ಇಟಗೊಂಡು ಗಾಡಿ ಹೊಡ್ಯಾಕ ನನ್ನ ಕೈಲೆ ಆಗೂದಿಲ್ರಿ. ನಿಮಗಾದ್ರ ಪೈಪು ಇತ್ತು. ಆ ಕೂಸುಗಳಿಗೆ ಏನೈತಿ?"

ಅಂದು ಸಂಜೆ ಸದರಿ ಅಧಿಕಾರಿಯು ಕಡತವನ್ನು ಮನೆಗೆ ಒಯ್ದರು. ಅವರ ತಾಯಿ ಶ್ರೀಮತಿ ಕಾಶೀಬಾಯಿ ಅವರ ಅಭಿಪ್ರಾಯವನ್ನು ಕೇಳಿರಲಿಲ್ಲ; ಆದರೂ ಬಂದಿದೆ: "ಯಜ್ಞಾ, ಕಾಲು ಇಲ್ಲಿ ಚಾಚು, ಎಣ್ಣಿ ಹಚ್ಚತೀನಿ. ನಿನ್ನ ಕಾಗದದಾಗ ಏನರೆ ಇರಲಿ, ನನ್ನ ಕೈಯಾಗ ಕಾಲು ಅದ. ನಾಳಿ ಲಗೂನ ಹೋಗಿ ಆಕಿ ಪೈಪು ಆಕೀಗೆ ಮುಟ್ಟಿಸಿ ಬಾ." ಇವರು ಈ ವಿಭಾಗದ ಅಧೀನಕ್ಕೆ ಬರುವುದಿಲ್ಲ. ವಿಭಾಗವೇ ಇವರ ಅಧೀನಕ್ಕೆ ಬರುತ್ತದೆಯೇ ಎಂಬುದು ಪರಿಶೀಲನೆಯಲ್ಲಿದೆ.

೧೦. ಆದುದರಿಂದ, ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಪ್ರಮಾಣಪತ್ರವೇ ಸರಿ, ಪೈಪು ಇಲ್ಲ ಎಂದು ತೀರ್ಮಾನಿಸಲಾಗಿದೆ. ಇಲ್ಲದ ವಸ್ತುವನ್ನು ಜಪ್ತು ಮಾಡಲು ಬರುವುದಿಲ್ಲ. ಜಪ್ತಾಗದ ವಸ್ತುವನ್ನು ಸರ್ಕಾರ ಇಟ್ಟುಕೊಳ್ಳಲು ಬರುವುದಿಲ್ಲ. ಕಾರಣ, ಸದರಿ ಅಧಿಕಾರಿಯು ಸದರಿ ಇಲ್ಲದ ಪೈಪನ್ನು ಚಹಾದಂಗಡಿಯಿಂದ ಎತ್ತಿಕೊಂಡು, ಲಕಮನಹಳ್ಳಿಯಲ್ಲಿ ಬಾಗನ್ನು ನೆಟ್ಟಗೆ ಮಾಡಿಸಿ, ಬೆಂಗೇರಿಗೆ ಒಯ್ದು, ಅದು ಎಲ್ಲಿ ಇರಲಿಲ್ಲವೋ ಅಲ್ಲಿಯೇ ಸ್ವಂತ ಕೈಯಿಂದ ಬಿಗಿದು ಬರತಕ್ಕದ್ದು. ಈರವ್ವ ಅವರು ಕೊಟ್ಟರೆ ನೀರು ಕುಡಿಯತಕ್ಕದ್ದು.

೧೧. ಇನ್ನು ಮುಂದೆ ಪಾಸಿಂಗಿನ ವೇಳೆ ತಪಾಸಣಾ ಸಿಬ್ಬಂದಿಯು ವಾಹನದ ಮುಂದೆ ಅಥವಾ ಹಿಂದೆ ಮಾತ್ರ ನಿಲ್ಲತಕ್ಕದ್ದು. ಪಾರ್ಶ್ವ ನಿಯಂತ್ರಣ ವಿಭಾಗದವರು ಪಾರ್ಶ್ವವನ್ನು ನೋಡಕೂಡದು. ನೋಡಿದವರಿಗೆ ಏನಾದರೂ ಕಂಡೀತೆಂಬ ಸಂಭವವಿರುವುದರಿಂದ ಅವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು. ಅಡ್ಡಪೈಪಿನ ನಿಷೇಧವು ಎಂದಿನಂತೆ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದು, ಮಾಲೀಕರು ಅದನ್ನು ಬಿಚ್ಚದೆಯೇ ಪಾಲಿಸಬಹುದು. ೮ನೇ ಕಂಡಿಕೆಯ ಸಾರ್ವಜನಿಕ ಸೂಚನೆಯ ಕೊನೆಯ ವಾಕ್ಯವನ್ನು ಹಿಂಪಡೆಯಲಾಗಿದೆ. ಮಕ್ಕಳಿಗೆ ಏನನ್ನೂ ಓದಿಹೇಳತಕ್ಕದ್ದಲ್ಲ.

ಸಹಿ/-
(ಯಜ್ಞೇಶ್ವರ ಮುದಗಲ್ಲ)
ಸಹಾಯಕ ನಿಯಂತ್ರಕರು ಹಾಗೂ ಪ್ರಭಾರ ನಿಯಂತ್ರಕರು
(ಎಡಗಾಲು ಖಾಯಂ, ಬಲಗಾಲು ತಾತ್ಕಾಲಿಕ)

ಪ್ರತಿಗಳು:

೧. ಎಲ್ಲ ತಪಾಸಣಾ ಸಿಬ್ಬಂದಿಗೆ, ಓದಿ ಮರೆಯುವುದಕ್ಕಾಗಿ.

೨. ಜಲ್ಲಿಕಲ್ಲಿನ ಇಲಾಖೆಗೆ, ಅವರು ನಮಗೆ ಬರೆಯುವ ಮೊದಲೇ.

೩. ಶ್ರೀಮತಿ ಈರವ್ವ, ಬೆಂಗೇರಿ, ಇವರಿಗೆ, ಪೈಪಿನ ಜೊತೆಗೆ. (ಪೈಪು ಇಲ್ಲದ್ದರಿಂದ ಪ್ರತಿಯನ್ನು ಪ್ರತ್ಯೇಕ ಲಕೋಟೆಯಲ್ಲಿ ಇರಿಸಿದೆ.)

೪. ಶ್ರೀಮತಿ ಕಾಶೀಬಾಯಿ, ಧಾರವಾಡ, ಇವರಿಗೆ, ಆದೇಶ ಪಾಲನೆಯ ವರದಿಯಾಗಿ.

೫. ಕಡತಕ್ಕೆ. ಗಾಳಿಗೆ ಹಾರದಂತೆ ಇದರ ಮೇಲೆ ಬಾಗಿದ ಒಂದು ಬೋಲ್ಟು ಇರಿಸಿದೆ. ಯಾವುದರ ಬೋಲ್ಟು ಎಂದು ಕೇಳಕೂಡದು.

೬. ಶ್ರೀ ಗೌಸಮೊದ್ದೀನ, ಚಹಾದಂಗಡಿ, ಇವರಿಗೆ. ಇವರ ಪ್ರಕರಣದಲ್ಲಿ ಯಾವುದೇ ಲೋಪ ಕಂಡುಬಂದಿರದ ಕಾರಣ ಪ್ರತಿ ಕಳಿಸುವ ಅಗತ್ಯವಿಲ್ಲ. ಆದರೂ ಸದರಿ ಅಧಿಕಾರಿಯು ಖುದ್ದಾಗಿ ಒಯ್ದು ಕೈಗೆ ಕೊಟ್ಟು, ಓದಿ ಹೇಳಿ, ಚಹಾ ಕುಡಿದು ಬರತಕ್ಕದ್ದು. ಬೆಂಚು ಗಾಡಿಗೆ ಹೋಗಿರುವುದರಿಂದ, ಎರಡೂ ಕಾಲ ಮೇಲೆ ನಿಂತು ಕುಡಿಯತಕ್ಕದ್ದು.