ಎಡಗಿವಿ ಮುಟ್ಟಿದರೆ ಆರು ವರ್ಷ

ಒಂದನೇ ಕ್ಲಾಸಿಗೆ ಹೋಗುವ ಮೊದಲು ಮಕ್ಕಳು ಏನು ಕಲಿಯಬೇಕು ಎಂದು ಯೋಜನೆ ಹಾಕುವುದು ನನ್ನ ಉದ್ಯೋಗ. ಹಾಸನದ ಕಚೇರಿಯಲ್ಲಿ ಕೂತು ಬರೆದದ್ದೆಲ್ಲ ಚೆನ್ನಾಗಿಯೇ ಇರುತ್ತದೆ. ಅದನ್ನು ಹಿಡಿದುಕೊಂಡು ಹಳ್ಳಿ ಬಸ್ಸು ಹತ್ತಿದ ದಿನ ಏನಾದರೂ ಒಂದು ಆಗಿಯೇ ತೀರುತ್ತದೆ. ನಾನು ಹೇಳುವುದು ಎರಡೇ ಮಾತು: ಆರು ವರ್ಷ ತುಂಬದೆ ಒಂದನೇ ಕ್ಲಾಸು ಬೇಡ, ಅಲ್ಲಿಯವರೆಗೆ ಅಂಗನವಾಡಿಯಲ್ಲಿ ಆಟವೇ ಪಾಠ. ಇಷ್ಟನ್ನು ಒಪ್ಪಿಸುವಷ್ಟರಲ್ಲಿ ಕೂದಲು ಬೆಳ್ಳಗಾಯಿತು. ಮನೆಯಲ್ಲಿ ಅತ್ತೆಯವರೇ ಇನ್ನೂ ಒಪ್ಪಿಲ್ಲ. ಅಳಿಯಂದಿರ ಕೆಲಸ ಏನು ಎಂದು ನೆಂಟರು ಕೇಳಿದರೆ, "ಮಕ್ಳು ಆಡದ್ನ ನೋಡ್ಕಂಡ್ ಬತ್ತಾರೆ" ಅಂದುಬಿಡುತ್ತಾರೆ.

ಹತ್ತು ನಿಮಿಷ

ಚನ್ನರಾಯಪಟ್ಟಣದಲ್ಲಿ ಅಂಗನವಾಡಿ ಟೀಚರುಗಳಿಗೆ ತರಬೇತಿ. ಮೂರು ವರ್ಷದ ಮಗುವನ್ನು ಒಂದೇ ಕಡೆ ಕೂರಿಸಿ ಪಾಠ ಹೇಳುವುದು ಎಷ್ಟು ತಪ್ಪು ಅನ್ನುವುದು ನನ್ನ ವಿಷಯ. ಆ ವಿಷಯ ಅಂದರೆ ನನಗೆ ಪ್ರಾಣ. ಬೆಳಗ್ಗೆ ಶುರುಮಾಡಿದವನು ಊಟದ ಹೊತ್ತು ಮೀರಿದರೂ ನಿಲ್ಲಿಸಿರಲಿಲ್ಲ. ಹಿಂದಿನ ಸಾಲಿನಿಂದ ಹಿರಿಯ ಟೀಚರೊಬ್ಬರು ಎದ್ದು ನಿಂತರು.

"ಸಾ, ಒಂದ್ ಡೌಟು. ಮಕ್ಳು ಎಷ್ಟೊತ್ತು ಕೂತಿರ್ಬೋದು?"

"ಹೆಚ್ಚೆಂದರೆ ಹತ್ತು ನಿಮಿಷ."

"ನಮ್ಮುನ್ನೂ ಮಕ್ಳು ಅಂತ್ಲೇ ತಿಳ್ಕಂಡು ಊಟಕ್ಕೆ ಬುಟ್ಬುಡಿ ಸಾ."

ನಗುವ ಮಗ

ಅರಕಲಗೂಡು ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಪ್ಪ ದೂರು ತಂದ.

"ಅಂಗನ್ವಾಡಿಲಿ ಏನೂ ಯೋಳ್ಕೊಡಲ್ಲ ಸಾ. ನಮ್ ಮಗ ನಗ್ತಾ ಓಯ್ತಾನೆ, ನಗ್ತಾನೇ ಬತ್ತಾನೆ."

"ಒಳ್ಳೆಯದೇ ಅಲ್ಲವಾ?"

"ಏನ್ ಒಳ್ಳೇದು? ಪಕ್ಕದ್ ಮನೆ ಹುಡ್ಗ ಕಾನ್ವೆಂಟಿಗೆ ಓಯ್ತಾನೆ. ವ್ಯಾನ್ ಕಂಡ್ರೆ ಸಾಕು, ಬೀದಿಗೆಲ್ಲ ಕೇಳಂಗೆ ಅಳ್ತಾನೆ. ಓದು ಅಂದ್ರೆ ಅದು ಕಣ್ಸಾ."

"ಸ್ಕೂಲಿಗೆ ಹೋಗುವಾಗ ನೀವೂ ಅಳ್ತಿದ್ರಾ?"

"ಅಳ್ದೆ ಇರ್ತೀನಾ? ದಿನಾ ಅಳ್ತಿದ್ದೆ."

"ಎಲ್ಲಿವರೆಗೆ ಓದಿದ್ರಿ?"

"ಎರಡ್ನೇ ಕ್ಲಾಸ್ಗಂಟ. ಆಮೇಲೆ ಅಳಕ್ಕಾಗ್ದೆ ಬುಟ್ಬುಟ್ಟೆ."

ಆನೆಯೋ ಬೆಟ್ಟವೋ

ಹಾಸನದಲ್ಲಿ ಮಕ್ಕಳು ಮಾಡಿದ ಮಣ್ಣಿನ ಗೊಂಬೆಗಳ ಪ್ರದರ್ಶನ. ದೊಡ್ಡ ಅಧಿಕಾರಿಗಳು ಒಂದು ಉಂಡೆಯ ಮುಂದೆ ನಿಂತರು. ನಾನು, "ಆನೆ ಸಾರ್, ಮಲಗಿದೆ" ಅಂದೆ. ಅವರು ಬೆಟ್ಟ ಅಂದರು. ಕಲ್ಪನಾಶಕ್ತಿಯ ಬಗ್ಗೆ ಇಬ್ಬರೂ ಸಾಕಷ್ಟು ಮಾತಾಡಿದ ಮೇಲೆ, ಅಲ್ಲೇ ಕೂತಿದ್ದ ಪುಟ್ಟ ಹುಡುಗಿಯನ್ನೇ ಕೇಳಿದೆವು.

"ಮಣ್ಣು," ಅಂದಳು. "ಇನ್ನೂ ಏನೂ ಮಾಡಿಲ್ಲ."

ಕಿವಿ ಪರೀಕ್ಷೆ

ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆ ಹೋಬಳಿಯ ಒಂದು ಊರು. ಅಲ್ಲಿನ ಅಂಗನವಾಡಿಯಲ್ಲಿ ಮಕ್ಕಳು ಕಡಿಮೆ. ಇನ್ನೊಂದು ಮಗು ಬಿಟ್ಟರೂ ಇದನ್ನು ಮುಚ್ಚಿ ಪಕ್ಕದೂರಿನ ಅಂಗನವಾಡಿಗೆ ಸೇರಿಸಿಬಿಡುತ್ತಾರೆ ಎಂದು ಟೀಚರಿಗೆ ಹೆದರಿಕೆ. ನನಗೂ ಸಂಕಟವೇ, ಆ ಅಂಗನವಾಡಿ ಅಷ್ಟು ಚೆನ್ನಾಗಿ ನಡೆಯುತ್ತಿತ್ತು. ನಾನು ಹೋದ ದಿನವೇ ಒಬ್ಬ ತಾತ ಅಲ್ಲಿಗೇ ಬರುತ್ತಿದ್ದ ಮೊಮ್ಮಗಳನ್ನು ಕೈಹಿಡಿದುಕೊಂಡು ಬಂದರು.

"ಇವ್ಳುನ್ನ ಒಂದ್ನೇ ಕ್ಲಾಸಿಗೆ ಆಕಿ ಸಾ. ಇಲ್ದಿದ್ರೆ ನಾಳೀಕೆ ಕಾನ್ವೆಂಟ್ ವ್ಯಾನ್ ಅತ್ತಿಸ್ಬುಡ್ತೀನಿ."

"ಆರು ತುಂಬಿಲ್ಲವಲ್ಲ ಯಜಮಾನ್ರೆ."

"ಯಾರ್ ಯೋಳಿದ್ದು? ನಮ್ ಕಾಲ್ದಲ್ಲಿ ಮೇಷ್ಟ್ರು ಏನ್ ನೋಡ್ತಿದ್ರು? ಬಲಗೈ ತಲೆ ಮ್ಯಾಲಿಂದ ತಂದು ಎಡಗಿವಿ ಮುಟ್ಟುದ್ರೆ ಆರು ತುಂಬ್ತು ಅಂತ. ಮುಟ್ಟವ್ವಾ."

ಹುಡುಗಿ ಕತ್ತು ವಾಲಿಸಿ, ನಾಲಗೆ ಕಚ್ಚಿ, ಮುಟ್ಟೇಬಿಟ್ಟಳು. ತಾತ ದಿನಾ ತೋಳಿಗೆ ಎಣ್ಣೆ ತಿಕ್ಕಿ ತಾಲೀಮು ಮಾಡಿಸಿದ್ದಾರೆ ಎಂದು ಟೀಚರು ನನಗೆ ಮೆಲ್ಲಗೆ ಹೇಳಿದರು.

"ಕಿವಿ ಮುಟ್ಟಿದ ಮಾತ್ರಕ್ಕೆ ವಯಸ್ಸು ಗೊತ್ತಾಗಲ್ಲ ಯಜಮಾನ್ರೆ," ಅಂದೆ.

"ಮಾತ್ ಬ್ಯಾಡ. ನೀವೊಂದ್ಸಲ ಮುಟ್ಟಿ, ನೋಡಾನ."

ಕೆಲವು ತಿಂಗಳಿಂದ ನನ್ನ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚುವುದೂ ಎಡಗೈಯಲ್ಲೇ. ಆದರೆ ಊರೇ ನೋಡುತ್ತಿರುವಾಗ ಮರ್ಯಾದೆ ಬಿಡುವುದು ಹೇಗೆ? ಎತ್ತಿದೆ. ಕೈ ಹಣೆಯವರೆಗೆ ಹೋಗಿ ಪೊಲೀಸಿನವರ ಸೆಲ್ಯೂಟಿನ ಹಾಗೆ ಅಲ್ಲೇ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ತಾತ ಟೀಚರ ಕಡೆ ತಿರುಗಿದರು. "ಸಾಹೇಬ್ರಿಗೇ ಆರು ತುಂಬಿಲ್ವಲ್ಲವ್ವಾ. ಕೆಲ್ಸ ಎಂಗ್ ಕೊಟ್ರು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ, ಚಾಪೆಯ ಮೇಲೆ ಹೋಗಿ ಒಂದು ಪಕ್ಕಕ್ಕೆ ಕೂತು ನನಗೂ ಜಾಗ ಮಾಡಿಕೊಟ್ಟಳು.

"ಬಾ, ಕೂತ್ಕ. ನಾನ್ ಯೋಳ್ಕೊಡ್ತೀನಿ." ಆಮೇಲೆ ತಾತನಿಗೆ ಖಡಾಖಂಡಿತವಾಗಿ ಹೇಳಿದಳು: "ಇವ್ರು ಮುಟ್ಟೋಗಂಟ ನಾನ್ ಎಲ್ಲಿಗೂ ಓಗಲ್ಲ."

ತಾತ ಎಷ್ಟು ಪುಸಲಾಯಿಸಿದರೂ ಅವಳು ಏಳಲಿಲ್ಲ. ಕೊನೆಗೆ ಅವರೇ ಸೋತು ಮನೆಗೆ ಹೋದರು. ವ್ಯಾನು ಅವರ ಮನೆ ಮುಂದೆ ನಿಲ್ಲಲಿಲ್ಲ, ಅಂಗನವಾಡಿಯೂ ಉಳಿಯಿತು.

ಈಗಲೂ ಆ ಕಡೆ ಹೋದಾಗೆಲ್ಲ ಅವಳ ಮುಂದೆ ಚಾಪೆಯ ಮೇಲೆ ಕೂತು ಪರೀಕ್ಷೆ ಕೊಡುತ್ತೇನೆ. ಕೈ ಹಣೆಯ ಹತ್ತಿರ ಬಂದು ನಿಲ್ಲುತ್ತದೆ, ಅವಳು ತಲೆ ಅಲ್ಲಾಡಿಸುತ್ತಾಳೆ. ನಿಜ ಹೇಳಬೇಕೆಂದರೆ ಭುಜ ವಾಸಿಯಾಗಿ ಬಹಳ ದಿನವಾಯಿತು. ಆದರೆ ಪ್ರತಿ ಸಲವೂ ಬಾಗಿಲಲ್ಲೇ ತಡೆದು ಟೀಚರು ಕಟ್ಟಪ್ಪಣೆ ಮಾಡುತ್ತಾರೆ:

"ಸಾ, ಅವ್ಳಿಗೆ ಆರು ತುಂಬೋಗಂಟ ದಯವಿಟ್ಟು ಕಿವಿ ಮುಟ್ಬ್ಯಾಡಿ."