ಹೊರಗಿನ ಟಗರು

ಧೋಂಡಪ್ಪ: ನಿನ್ನ ತಮ್ಮಗ ಬಾ ಅಂತ ಹೇಳಿ ಕಳಿಸಿದವರು ಯಾರು?

ಕೃಷ್ಣವ್ವ: ನಿಮ್ಮ ಅಕ್ಕಗ ಹೇಳಿ ಕಳಿಸಿದವರು ಯಾರು, ಅದನ್ನ ಮೊದಲ ಹೇಳ್ರಿ.

ಧೋಂಡಪ್ಪ: ಅಕ್ಕ ತನ್ನ ಮಗಗ ಹೆಣ್ಣ ಕೇಳಾಕ ಬರ್ತಾಳ. ಅದು ಆಕಿ ಹಕ್ಕ.

ಕೃಷ್ಣವ್ವ: ಅಕ್ಕನ ಮಗಳ ಮ್ಯಾಲೆ ಸ್ವಾದರಮಾವಗ ಅದಕ್ಕಿಂತ ದೊಡ್ಡ ಹಕ್ಕ.

ಮಿರಜ ಸ್ಟೇಶನ್ನಿನ ಆಚೆ ಅರಿಸಿನ ಕಿತ್ತ ಹೊಲದಲ್ಲಿ ಧೋಂಡಪ್ಪನ ಕುರಿಹಿಂಡು ಗೊಬ್ಬರಕ್ಕೆಂದು ತಂಗಿತ್ತು. ಮಗಳು ತುಳಸವ್ವನನ್ನು ಕೇಳಲು ನಾಳೆ ಅಲ್ಲಿಗೆ ಎರಡು ಕಡೆಯವರು ಬರುವವರಿದ್ದರು. ಅವನು ಕರೆದದ್ದು ಅಕ್ಕ ಸಾವಂತ್ರವ್ವನನ್ನೂ ಅವಳ ಮಗ ಅಮಸಿದ್ದನನ್ನೂ. ಹೆಂಡತಿ ಕರೆದದ್ದು ತನ್ನ ತಮ್ಮ ಗುರಲಿಂಗನನ್ನು. ಒಬ್ಬರು ಕರೆದದ್ದು ಇನ್ನೊಬ್ಬರಿಗೆ ತಿಳಿದದ್ದು ಈ ಬೆಳಿಗ್ಗೆ. ಯಾರನ್ನು ಬರಿಗೈಯಲ್ಲಿ ಕಳಿಸಿದರೂ ಆ ಮನೆಯ ಬಾಗಿಲು ಮುಚ್ಚಿದಂತೆಯೇ ಎಂದು ಧೋಂಡಪ್ಪನಿಗೆ ಗೊತ್ತಿತ್ತು. ತುಳಸವ್ವ ಮಾತ್ರ ಅಲ್ಲಿರಲಿಲ್ಲ. ಸಲಗರೆಯ ಕುರಿಗಾರರ ಹುಡುಗ ಕಾಡಪ್ಪ ಹೊಸ ಟಗರು ತಂದು ಬಾವಿಯ ಬಳಿ ನೀರು ಕುಡಿಸುತ್ತಿದ್ದ; ಅವನಿಗೆ ಮಜ್ಜಿಗೆ ಕೊಡಲು ಹೋದವಳು ಇನ್ನೂ ತಿರುಗಿ ಬಂದಿರಲಿಲ್ಲ.

ಅಷ್ಟರಲ್ಲಿ ಕೋಟು ತೊಟ್ಟವನೊಬ್ಬ ಸೈಕಲ್ಲಿನಿಂದ ಇಳಿದ. ಸಾಂಗ್ಲಿಯ ಭರತೇಶ. ಪುಣೆಯಲ್ಲಿ ಕಲಿತು, ಜನ ಯಾರನ್ನು ಯಾಕೆ ಮದುವೆಯಾಗುತ್ತಾರೆಂದು ಊರೂರು ತಿರುಗಿ ಕೇಳುತ್ತಿದ್ದ. ಕೋಟು, ಕಾಗದ, ಪೆನ್ಸಿಲ್ಲು ಕಂಡ ಧೋಂಡಪ್ಪ ಅವನನ್ನು ಸಂಸ್ಥಾನದ ಮನುಷ್ಯನೆಂದೇ ತಿಳಿದ. ಸಂಸ್ಥಾನದವರು ಬರೆದದ್ದು ಅಳಿಯುವುದಿಲ್ಲ. ಮೊದಲು ಬರೆಸಿದವನೇ ಗೆದ್ದ.

ಭರತೇಶ: ಕಾಕಾರ, ಒಂದ ನಾಕ ಪ್ರಶ್ನೆ ಕೇಳೂದೈತಿ. ನಿಮ್ಮ ಮನ್ಯಾಗ ಹುಡುಗಿಗೆ ವರ ಆರಸವರು ಯಾರು?

ಧೋಂಡಪ್ಪ: ನಾನು.

ಕೃಷ್ಣವ್ವ: ನಾನು.

ಭರತೇಶ: ಒಬ್ಬರ ಹೆಸರ ಹೇಳ್ರಿ. ಜಾಗಾ ಸಣ್ಣದೈತಿ.

ಧೋಂಡಪ್ಪ: ನಂದ ಬರೀರಿ. ಆಕಿ ಹೆಸರ ಮುಂದಿನ ಪ್ರಶ್ನೆಕ್ಕ ಹಾಕ್ರಿ.

ಭರತೇಶ: ಮುಂದಿನದು, ಮನಿಗೆ ನೀರ ತರವರು ಯಾರು ಅಂತ.

ಕೃಷ್ಣವ್ವ: ಅಲ್ಲಿ ಇವರ ಹೆಸರ ಹಾಕ್ರಿ ಸಾಹೇಬ್ರ. ಸರಕಾರಕ್ಕ ಹೆದರಿ ಒಂದ ಕೊಡಾ ತಂದ್ರೂ ತಂದಾರು.

ಭರತೇಶ: ನಾ ಸರಕಾರದಾಂವ ಅಲ್ರಿ.

ಧೋಂಡಪ್ಪ: ಸರಕಾರದವರೆಲ್ಲಾ ಮೊದಲ ಹಂಗ ಅಂತಾರ. ಬರ್ಕೋರಿ, ತುಳಸವ್ವ ಅಮಸಿದ್ದಗ.

ಕೃಷ್ಣವ್ವ: ಪೆನ್ಸಿಲ ಕೆಳಗಿಡ್ರಿ. ಗುರಲಿಂಗಗ.

ಭರತೇಶ: ಹುಡುಗಿ ವಯಸ್ಸೆಷ್ಟು?

ಕೃಷ್ಣವ್ವ: ಹದಿನೆಂಟ.

ಭರತೇಶ: ಭಾಳ ತಡಾ ಆತಲ್ಲ ಕಾಕು?

ಕೃಷ್ಣವ್ವ: ಈ ಜಗಳ ಆಕಿ ತೊಟ್ಟಿಲದಾಗ ಇದ್ದಾಗ ಸುರು ಆಗೇತ್ರಿ. ಮುಗೀಬೇಕಲ್ಲ.

ಭರತೇಶ: ಅಮಸಿದ್ದ ಯಾಕ ಬ್ಯಾಡ?

ಕೃಷ್ಣವ್ವ: ಅಮಸಿದ್ದ ಬಂಗಾರದಂಥಾ ಹುಡುಗ. ಅವನ ಅವ್ವ ಸಾವಂತ್ರವ್ವ. ನನ್ನ ರೊಟ್ಟಿ ಬಿಸಲಿಗೆ ಹಿಡದು, ಇದರಾಗ ಸೂರ್ಯಾ ಕಾಣವಲ್ಲ ಅಂದಾಕಿ. ನಾಳೆ ನನ್ನ ಮಗಳನ್ನೂ ಹಿಡದ ನೋಡ್ತಾಳ.

ಧೋಂಡಪ್ಪ: ಗುರಲಿಂಗನ್ನ ಈ ಹುಡುಗಿ ಸಣ್ಣಾಕಿದ್ದಾಗ ಕುದರಿ ಮಾಡಿ ಬೆನ್ನ ಏರತಿದ್ಲು. ಅವನ್ನ ಗಂಡ ಅಂತ ಹೆಂಗ ನೋಡ್ಯಾಳು?

ಕೃಷ್ಣವ್ವ: ಅದ ಚಲೋ. ಅವಗ ರೂಢಿ ಐತಿ.

ಭರತೇಶ: ಕಾಕಾ ಅನ್ನೂದು ಖರೇ ಐತ್ರಿ. ಕೂಡಿ ಬೆಳದವರಿಗೆ ಒಬ್ಬರ ಮ್ಯಾಲೆ ಒಬ್ಬರಿಗೆ ಮನಸಾಗೂದಿಲ್ಲಂತ ವಿಲಾಯತಿ ಪಂಡಿತರು ಬರದಾರ.

ಕೃಷ್ಣವ್ವ: ನಾವಿಬ್ಬರೂ ಕೂಡಿ ಬೆಳದಿಲ್ರಿ. ನಮಗೆಲ್ಲಿ ಮನಸಾತು?

ಧೋಂಡಪ್ಪ ರುಮಾಲು ಬಿಚ್ಚಿ, ಜಾಡಿಸಿ, ಮತ್ತೆ ಸುತ್ತಿಕೊಂಡ. ಭರತೇಶ ಮಾತು ತಿರುಗಿಸಲು ಬಾವಿಯತ್ತ ಕೈ ತೋರಿಸಿದ.

ಭರತೇಶ: ಆ ಟಗರು ನಿಮ್ಮ ಹಿಂಡಿಂದೇನ್ರಿ?

ಧೋಂಡಪ್ಪ: ಅಲ್ರಿ. ಕಾಡಪ್ಪನ ಹಿಂಡಿಂದು. ಅವರದು ನಮಗ, ನಮ್ಮದು ಅವರಿಗೆ. ಹಿಂಡಿನಾಗ ಹುಟ್ಟಿದ್ದನ್ನ ಅದ ಹಿಂಡಿಗೆ ಬಿಟ್ರ ಮರಿ ಸೊರಗ್ತಾವ.

ಭರತೇಶ: ಹಂಗಾದ್ರ ಮಗಳಿಗೆ ಮಾತ್ರ ಹಿಂಡಿನೊಳಗಿಂದ ಯಾಕ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೆಳಗಿನಿಂದ ಮೊದಲ ಸಲ ಇಬ್ಬರೂ ಒಂದೇ ಕಡೆ ಆದರು.

ಧೋಂಡಪ್ಪ: ಕುರಿ ಬ್ಯಾರೆ, ಮಂದಿ ಬ್ಯಾರೆ ಸಾಹೇಬ್ರ.

ಕೃಷ್ಣವ್ವ: ಕುರಿಗೆ ಅತ್ತಿ ಇರೂದಿಲ್ರಿ. ಅದು ಎಲ್ಲಿ ಬೇಕಾದ್ರೂ ಬಾಳೇ ಮಾಡ್ತೈತಿ. ಗುರ್ತಿಲ್ಲದ ಅತ್ತಿ ಕೈಯಾಗ ಮಗಳನ್ನ ಕೊಡೂದು ಹೆಂಗ?

ಧೋಂಡಪ್ಪ: ಅದಕ್ಕ ಗುರ್ತಿದ್ದ ಅತ್ತಿ, ನಮ್ಮಕ್ಕ.

ಕೃಷ್ಣವ್ವ: ಗುರ್ತ ಐತಿ ಅಂತ ಬ್ಯಾಡ ಅನ್ನಾಕತ್ತೇನಿ.

ಒಂದಾದವರು ಮತ್ತೆ ಬೇರೆಯಾದರು. ತುಳಸವ್ವ ಬರಿದಾದ ಮಜ್ಜಿಗೆ ತಂಬಿಗೆ ಹಿಡಿದು, ಈ ಮಾತು ಕೇಳುತ್ತಲೇ ಬಂದು ತಾಯಿಯ ಹಿಂದೆ ನಿಂತಳು.

ತುಳಸವ್ವ: ಯಪ್ಪಾ, ಸಾಹೇಬ್ರು ಹೇಳೂದು ಖರೇ ಐತಿ.

ಧೋಂಡಪ್ಪ: ಯಾವದು?

ತುಳಸವ್ವ: ಹೊರಗಿಂದ ತರೂದು. ಟಗರ ಹಿಡಕೊಂಡ ಬಂದಾಂವನೂ ಹೊರಗಿನಾಂವನ.

ಧೋಂಡಪ್ಪ ಬಾವಿಯತ್ತ ನೋಡಿದ. ಟಗರು ಎಂದೋ ನೀರು ಕುಡಿದು ಬೇವಿನ ನೆರಳಲ್ಲಿ ಮಲಗಿತ್ತು. ಕಾಡಪ್ಪ ಇನ್ನೂ ನೀರು ಸೇದುತ್ತಲೇ ಇದ್ದ.

ಧೋಂಡಪ್ಪ: ನಾಳೆ ನಮ್ಮಕ್ಕಗ ನಾ ಏನ ಹೇಳ್ಲಿ?

ತುಳಸವ್ವ: ಗುರಲಿಂಗ ಮಾಮಾಗೂ ಕೊಡ್ಲಿಲ್ಲ ಅನ್ನು. ಅವ್ವ ಮಾಮಾಗ, ಅಮಸಿದ್ದಗೂ ಕೊಡ್ಲಿಲ್ಲ ಅಂತಾಳ. ಇಬ್ಬರೂ ಸಮಾಧಾನಲೆ ಉಂಡ ಹೋಗ್ತಾರ.

ತಾನು ಸೋತರೂ ಕೃಷ್ಣವ್ವ ಗೆಲ್ಲದ ದಾರಿ ಧೋಂಡಪ್ಪನಿಗೆ ಹದಿನೆಂಟು ವರ್ಷದಲ್ಲಿ ಕಂಡದ್ದು ಇದೊಂದೇ. ಅವನು ಮೀಸೆ ತಿರುವಿದ. ಕೃಷ್ಣವ್ವ ಮಾತ್ರ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

ಕೃಷ್ಣವ್ವ: ನಮ್ಮ ಮಂದಿನ ಅದಾರ, ಬೆಡಗ ಗೋತ್ರ ಬ್ಯಾರೆ, ಎಲ್ಲಾ ಸರಿ. ಅವನ ಅವ್ವ ಹೆಂಥಾಕಿ?

ತುಳಸವ್ವ: ಇಲ್ಲ. ತೀರಿಕೊಂಡಾಳ.

ಕೃಷ್ಣವ್ವ: ನಿನಗ ಹೆಂಗ ಗೊತ್ತ?

ತುಳಸವ್ವ: ಎಲ್ಲಾದಕ್ಕಿಂತ ಮೊದಲ ಅದನ್ನ ಕೇಳೇನಿ.

ಕೃಷ್ಣವ್ವ ಮಗಳ ಕೈಯಿಂದ ತಂಬಿಗೆ ತೆಗೆದುಕೊಂಡು, ಇನ್ನಷ್ಟು ಮಜ್ಜಿಗೆ ಹಾಕಿ ಮರಳಿ ಕೊಟ್ಟಳು. ಧೋಂಡಪ್ಪ ಖಾಲಿ ಕೊಡ ಹೆಗಲಿಗೇರಿಸಿದ.

ಧೋಂಡಪ್ಪ: ಸಾಹೇಬ್ರ, ಆ ಮೊದಲನೇ ಪ್ರಶ್ನೆಕ್ಕ ನನ್ನ ಹೆಸರ ಬರದ್ರೇನು?

ಭರತೇಶ: ಇನ್ನೂ ಇಲ್ರಿ.

ಧೋಂಡಪ್ಪ: ಚಲೋ ಆತು. ನೀರ ತರವರ ಜಾಗಾದಾಗ ಹಾಕ್ರಿ. ಹೆಂಗೂ ಬಾವಿ ತನಕಾ ಹೋಗಿ ಅವನ್ನ ನೋಡೂದೈತಿ.